ಸಚಿವರ ಷರಾ

ಕುರಿ ಸಾಕುವವರ ಸಂಘದ ಅಧ್ಯಕ್ಷ ಹೊನ್ನೂರಪ್ಪ ಸಚಿವರ ಮುಂದೆ ಮನವಿ ಪತ್ರ ಇಟ್ಟ. ಪಶು ಆಸ್ಪತ್ರೆಗೆ ಡಾಕ್ಟರು ಬೇಕೆಂದು ಈಗಾಗಲೇ ಹನ್ನೊಂದು ಸಲ ಕೊಟ್ಟಿದ್ದ, ಇದು ಹನ್ನೆರಡನೆಯದು. ಸಚಿವರು ಫೋಟೊಗೆ ನಕ್ಕು, ಎಂದಿನಂತೆ ಪತ್ರದ ಮೂಲೆಯಲ್ಲಿ ಷರಾ ಬರೆದರು: “ಪರಿಶೀಲಿಸಿ ತುರ್ತು ಕ್ರಮ ಕೈಗೊಳ್ಳಿ.”

“ಈ ಸಲ ಬ್ಯಾರೆ ಬರ್ದೀವಿ ಸಾಹೇಬ್ರ, ಒಮ್ಮೆ ಓದ್ರಿ,” ಎಂದ ಹೊನ್ನೂರಪ್ಪ.

“ಎಲ್ಲಾ ಓದ್ತಾ ಕೂತ್ರೆ ಸರ್ಕಾರ ನಡೆಸೋದು ಯಾವಾಗಪ್ಪ?”

ಮರುದಿನ ಬೆಳಿಗ್ಗೆ ಸಚಿವರು ಕಚೇರಿಗೆ ಬಂದಾಗ ಜವಾನ ಅವರ ನಾಮಫಲಕದ ಸ್ಕ್ರೂ ಬಿಚ್ಚುತ್ತಿದ್ದ.

“ಯಾರೋ ಹೇಳಿದ್ದು ನಿಂಗೆ?”

ಆಪ್ತ ಕಾರ್ಯದರ್ಶಿ ತಲೆ ತಗ್ಗಿಸಿ ಕಡತ ಚಾಚಿದರು. ಒಳಗೆ ಹೊನ್ನೂರಪ್ಪನ ಮನವಿಯಿತ್ತು: “ಈ ಸಚಿವರನ್ನು ಕೂಡಲೇ ವಜಾ ಮಾಡಬೇಕು.”

“ತಾವೇ ತುರ್ತು ಅಂತ ಬರೆದಿದ್ರಿ ಸಾರ್. ಮುಖ್ಯಮಂತ್ರಿಗಳೂ ಓದದೇ ಸಹಿ ಹಾಕಿಬಿಟ್ರು.”

ಸಚಿವರು ಮೂಲೆಯಲ್ಲಿದ್ದ ತಮ್ಮ ಅಕ್ಷರವನ್ನೇ ಎರಡೆರಡು ಸಲ ಓದಿದರು. ಅವರ ಕಣ್ಣು ತುಂಬಿ ಬಂತು.

“ನಾಲ್ಕು ವರ್ಷಕ್ಕೆ ನಾನು ಬರೆದ ಷರಾ ಒಂದಾದ್ರೂ ಜಾರಿಗೆ ಬಂತಲ್ರೀ!”