ಮೊಸರು ಕಲಿತ ಬಾಗಿಲು

ಊರ ಮನೆಗಳಿಗೆಲ್ಲ ಜೀವವಿರುವ ತೊಗಲಿನ ಬಾಗಿಲು. ಗುರುತಿಲ್ಲದ ಸೂಕ್ಷ್ಮಜೀವಿಯನ್ನು ಅದು ಒಳಗೆ ಬಿಡದು. ಬಸುರಿ ಮಗಳಿಗೆಂದು ಸೂಗವ್ವ ತವರಿನ ಮೊಸರು ಹೊತ್ತು ಬಂದರೆ, ಬಾಗಿಲು ಅವಳಿಗೆ ದಾರಿ ಕೊಟ್ಟಿತು, ಗುರುತಿಲ್ಲದ ಆ ಮೊಸರಿನ ಗಡಿಗೆಗೆ ಕೊಡಲಿಲ್ಲ.

“ಯವ್ವಾ, ಮೂರು ದಿನದಿಂದ ಏನೂ ಹೊಟ್ಟ್ಯಾಗ ನಿಲ್ಲವಲ್ದು. ನಿನ್ನ ಮೊಸರಷ್ಟ ಬೇಕು,” ಒಳಗಿನಿಂದ ಮಗಳು ಕಸ್ತೂರಿ ಗೋಗರೆದಳು.

“ತಡಿಯವ್ವ. ಕೂಸಿಗೆ ಹೊಸ ಉಣಿಸು ಒಮ್ಮೆಲೆ ತುರುಕ್ತಾರೇನು? ಬಾಗಿಲೂ ಕೂಸಿನಂಗ.”

ಸೂಗವ್ವ ಹೊಸ್ತಿಲಿಗೆ ಅರಿಶಿನ ಹಚ್ಚಿ, ಶಿವನನ್ನು ನೆನೆದು, ಬಾಗಿಲ ಅಂಚಿಗೆ ಒಂದು ಹನಿ ಮೊಸರು ಸವರಿದಳು. ಬಾಗಿಲು ಮುಖ ಸಿಂಡರಿಸಿತು. ಜೋಗುಳ ಹಾಡುತ್ತ ಇನ್ನೊಂದು ಹನಿ, ಮತ್ತೊಂದು ಹನಿ. ಮಧ್ಯಾಹ್ನದ ಹೊತ್ತಿಗೆ ಅದು ಮೆತ್ತಗಾಗಿ ಗಡಿಗೆಯನ್ನೂ ಒಳಗೆ ಬಿಟ್ಟಿತು.

ಕಸ್ತೂರಿ ಉಂಡು ತೇಗಿದಳು. ಬಾಗಿಲು ಮಾತ್ರ ಮುಚ್ಚಲೊಲ್ಲದು.

“ಇದಕ್ಕೇನಾತವ್ವ?”

“ಅದಕ್ಕೂ ಬಯಕಿ ಹುಟ್ಟ್ಯಾದ,” ಎಂದು ಸೂಗವ್ವ ನಗುತ್ತ ಗಡಿಗೆಯ ತಳ ಬಳಿದು ಬಾಗಿಲ ಅಂಚಿಗೆ ಹಚ್ಚಿದಳು.