ಹೋರಿಯ ಕಾಲುನೋವು

ಹೋರಿ ಹಬ್ಬದಲ್ಲಿ ಓಟಕ್ಕೆ ಬಿಡುವ ಮುನ್ನ ಹೋರಿಯ ಕೊರಳಿಗೊಂದು, ಒಡೆಯನ ಕೈಗೊಂದು ಪಟ್ಟಿ ಕಟ್ಟುವುದು ಈಗ ಎಲ್ಲ ಕಡೆ ರೂಢಿ. ಪಟ್ಟಿ ಕಟ್ಟಿದೊಡನೆ ಹೋರಿಯ ನೋವು ಒಡೆಯನಿಗೂ ಆಗುತ್ತದೆ. ಗದಿಗೆಪ್ಪ ಪಟ್ಟಿ ಕಟ್ಟಿಕೊಂಡವನೇ ಬಲಗಾಲು ಎತ್ತಿ ನಿಂತ.

“ಏನಾತು?” ಹೆಂಡತಿ ನೀಲವ್ವ ಕೇಳಿದಳು.

“ಗೊರಸಿನ್ಯಾಗ ಮುಳ್ಳು ಮುರದೈತಿ. ಮನಿಯಿಂದ ನಡಕೊಂಡ ಬಂದಾನ, ಒಮ್ಮೆನೂ ಕುಂಟಲಿಲ್ಲ.”

ಹೋದ ವರ್ಷ ಗೆದ್ದ ಹೋರಿ ಅದು. ಜನ ಅದರ ಹೆಸರು ಹಿಡಿದು ಕೂಗುತ್ತಿದ್ದರು.

“ಓಡ್ತಾನ ಬಿಡು, ಹಟಮಾರಿ ಅದಾನ” ಎಂದಳು ನೀಲವ್ವ.

“ಓಡ್ತಾನ. ಅದಕ್ಕ ಬ್ಯಾಡ ಅನ್ನೋದು.”

ಓಟದಲ್ಲಿ ಕಿತ್ತುಕೊಳ್ಳಲೆಂದು ಕಾದಿದ್ದ ಹುಡುಗರಿಗೆ ಗದಿಗೆಪ್ಪ ಹೋರಿಯ ಕೊರಳ ಕೊಬ್ಬರಿ ಸರವನ್ನು ತಾನೇ ಬಿಚ್ಚಿ ಕೊಟ್ಟ. ಹೋರಿಯನ್ನು ಬೇವಿನ ನೆರಳಿಗೆ ಕರೆತಂದ. ನೀಲವ್ವ ಗೊರಸು ಹಿಡಿದು ಮುಳ್ಳು ಕಿತ್ತಳು. ಹೋರಿಯೂ ಗಂಡನೂ ಒಟ್ಟಿಗೇ ಉಸಿರು ಬಿಟ್ಟರು. ಅವಳಿಗೆ ನಗು ತಡೆಯಲಾಗಲಿಲ್ಲ.