ಬೇರಿನ ಗಂಟು

"ಬೇರು ತುಂಬ ಗಂಟು! ರೋಗವೇ ಇದು," ಎಂದು ಮಾವ ಕಿತ್ತ ಬಟಾಣಿ ಗಿಡವನ್ನು ಸೊಸೆಯ ಮುಖದೆದುರು ಅಲ್ಲಾಡಿಸಿದರು. "ಹೊಲ ಪೂರ್ತಿ ಕಿತ್ತುಹಾಕಬೇಕು. ನೀನು ಕೃಷಿ ಓದಿರಬಹುದು, ನನ್ನ ಕೂದಲೇನೂ ಸುಮ್ನೆ ಬೆಳ್ಳಗಾಗಿಲ್ಲ."

ಸೊಸೆ ಗಂಟೊಂದನ್ನು ಉಗುರಿನಿಂದ ಮೀಟಿದಳು. ಬೇರಿಗೆ ಗಾಯವಾಗದೆ ಅದು ಸಲೀಸಾಗಿ ಕಳಚಿಕೊಂಡಿತು. ಎರಡಾಗಿ ಸೀಳಿ ಅಂಗೈಯಲ್ಲಿಟ್ಟು ತೋರಿಸಿದಳು. ಒಳಗೆಲ್ಲ ಎಳೆಗೂಸಿನ ಒಸಡಿನಂಥ ಗುಲಾಬಿ ಬಣ್ಣ.

"ರೋಗದ ಗಂಟು ಹೀಗೆ ಕಳಚಿಕೊಳ್ಳಲ್ಲ ಮಾವ. ಇದು ಗಾಳಿಯಲ್ಲಿರೋ ಸಾರಜನಕ ಹಿಡಿದು ಗಿಡಕ್ಕೆ ಗೊಬ್ಬರ ಮಾಡಿಕೊಡೋ ಗಂಟು. ಈ ಬಣ್ಣ ಇದ್ರೆ ಚೆನ್ನಾಗಿ ದುಡೀತಿದೆ ಅಂತ ಅರ್ಥ."

ಮಾವ ಗಿಡವನ್ನು ಮೆಲ್ಲಗೆ ಕೆಳಗಿಟ್ಟರು. ಸ್ವಲ್ಪ ಹೊತ್ತು ಅವಳ ಮುಖ ನೋಡಲಿಲ್ಲ.

"ಹೋದ ವಾರ ನಿಮ್ಮಪ್ಪನ ಹೊಲದಲ್ಲೂ ಇವೇ ಇದ್ದವು ಕಣಮ್ಮ," ಎಂದರು. "ನಾನೇ ಮುಂದೆ ನಿಂತು ಪೂರ್ತಿ ಕೀಳಿಸಿಬಿಟ್ಟೆ."